ಒಬ್ಬರ ಅಡುಗೆ

ನಮ್ಮ ಕಡೆ ಯಾರಾದರೂ ತಾವು ಮಾಡಿದ್ದನ್ನು ತಂದು ಮುಂದಿಟ್ಟು ಹೇಗಿದೆ ಎಂದು ಕೇಳಿದರೆ ಹೇಳಬೇಕಾದ ಉತ್ತರ ಒಂದೇ: ‘ಚೆನ್ನಾಗೈತೆ ಬುಡಿ.’ ಹೊಸದಾಗಿ ಕಟ್ಟಿದ ಮನೆಯಾಗಲಿ, ಹೊಸ ಸೊಸೆಯ ಸಾರಾಗಲಿ, ಮಗಳ ಮದುವೆಯ ಕಾರ್ಡಾಗಲಿ, ಇದೇ ಮಾತು. ಸಾರು ಸಪ್ಪೆಯಾಗಿದ್ದರೆ ಇನ್ನೊಂದು ಹೋಳು ಉಪ್ಪಿನಕಾಯಿ ಹಾಕಿಸಿಕೊಳ್ಳುತ್ತೇವೆಯೇ ಹೊರತು ಬಾಯಿ ಬಿಡುವುದಿಲ್ಲ. ತುರುವೇಕೆರೆ ಕಡೆಯಿಂದ ತಿಪಟೂರಿಗೆ ಸೊಸೆಯಾಗಿ ಬಂದ ನಾನೂ ಅದೇ ಪೈಕಿ. ಈ ಮಾತು ಕಿವಿಗೆ ಬಿದ್ದರೆ ಸಿಡಿದೇಳುತ್ತಿದ್ದವರು ನಾನು ಕಂಡ ಹಾಗೆ ಒಬ್ಬರೇ. ಅವರು ನನಗೆ ವೆಬ್‌ಸೈಟ್ ಮಾಡುವುದನ್ನು ಕಲಿಸಿದ ಮೇಡಂ.

ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನಮ್ಮೆಲ್ಲರ ಬಾಯಿಂದ ನಿಜ ಹೊರಡಿಸಲು ಅಷ್ಟು ಹೆಣಗಿದವರಿಗೆ, ತಾವು ಮಾಡಿದ್ದೊಂದನ್ನು ನೋಡಿ ಒಬ್ಬರು, ಗುರುತು ಪರಿಚಯವಿಲ್ಲದ ಒಬ್ಬರು, ಒಂದು ಮಾತು ಹೇಳಲಿ ಎಂಬ ಆಸೆ ಇತ್ತು. ಅದು ಆಯಿತೋ ಇಲ್ಲವೋ ಎಂದು ನನಗೆ ಬಹಳ ದಿನ ಗೊತ್ತಿರಲಿಲ್ಲ.

ಅವರ ತರಗತಿ ಇದ್ದದ್ದು ಸ್ಟೇಷನ್ ರಸ್ತೆಯ ಒಂದು ಗೊಬ್ಬರದಂಗಡಿಯ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗಲೇ ಬೇವಿನ ಹಿಂಡಿಯ ವಾಸನೆ ಮೂಗಿಗೆ ಅಡರುತ್ತಿತ್ತು. ನಾನು ಮನೆಯಲ್ಲಿ ಕೊಬ್ಬರಿ ಮಿಠಾಯಿ ಮಾಡಿ ಗೊತ್ತಿದ್ದವರಿಗೆ ಮಾರುತ್ತಿದ್ದೆ. ಗೊತ್ತಿಲ್ಲದವರಿಗೂ ಮಾರಬೇಕು ಎಂಬ ಹುಚ್ಚು ಹತ್ತಿ ಅಲ್ಲಿಗೆ ಸೇರಿದೆ. ‘ಹೋಗ್ಲಿ ಬುಡು, ಮಧ್ಯಾನ ಹೊತ್ತು ಹೋಯ್ತದೆ’ ಎಂದು ನಮ್ಮ ಯಜಮಾನರು ಒಪ್ಪಿದರು. ಅವರು ಒಪ್ಪದಿದ್ದರೂ ನಾನು ಸೇರುತ್ತಿದ್ದೆ, ಆ ಮಾತು ಬೇರೆ.

ಮೇಡಂ ಹಂದನಕೆರೆ ಕಡೆಯವರು. ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಟೈಪಿಂಗ್ ಕಲಿಸುತ್ತಿದ್ದವರು, ಟೈಪಿಂಗ್ ಮುಳುಗಿದ ಮೇಲೆ ಕಂಪ್ಯೂಟರ್ ಕಲಿತು ಅದನ್ನೇ ಕಲಿಸತೊಡಗಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಬಿಗಿಯಾಗಿ ಸುತ್ತಿದ ತುರುಬು. ನಮ್ಮ ಕಂಪ್ಯೂಟರಿನ ಹತ್ತಿರ ಬಂದು ನಿಂತರೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಡುತ್ತಿದ್ದರು. ಯಾಕೆ ಮೇಡಂ ಎಂದು ಒಮ್ಮೆ ಕೇಳಿದ್ದಕ್ಕೆ, ‘ಕೈ ಮುಂದ್ಕಿದ್ರೆ ಮೌಸ್ ಕಿತ್ಕೊಂಡು ನಾನೇ ಮಾಡ್ಬುಡ್ತೀನಿ ಕಣಮ್ಮ, ಆಮೇಲೆ ನೀನೇನು ಕಲಿತೀಯ?’ ಅಂದರು.

ಮಾಡಿದ್ದನ್ನು ತೋರಿಸುವ ದಿನ ಅವರದೊಂದು ಕಟ್ಟಳೆ ಇತ್ತು. ‘ಮಾಡ್ದೋರು ಬಾಯಿ ಬಿಡಂಗಿಲ್ಲ. ನೋಡ್ದೋರು ಚೆನ್ನಾಗೈತೆ ಅನ್ನಂಗಿಲ್ಲ. ಕಣ್ಣು ಮೊದ್ಲು ಎಲ್ಲಿಗೆ ಹೋಯ್ತು, ಆಮೇಲೆ ಎಲ್ಲಿ ಸಿಕ್ಕಾಕೊಂತು, ಅಷ್ಟು ಹೇಳಿ ಸಾಕು.’ ಮಾಡಿದವರು ಯಾಕೆ ಸುಮ್ಮನಿರಬೇಕು ಎಂದರೆ, ‘ನಾಳೆ ದಾವಣಗೆರೆಲಿ ಯಾರೋ ನಿನ್ನ ಸೈಟು ತೆಗೀತಾರೆ. ಆಗ ನೀನು ಅವರ ಪಕ್ಕದಲ್ಲಿ ನಿಂತ್ಕೊಂಡು, ಅದು ಹಂಗಲ್ಲ ಕಣ್ರೀ ಹಿಂಗೆ ಅಂತ ಹೇಳಕ್ಕಾಯ್ತದಾ?’ ಎನ್ನುತ್ತಿದ್ದರು. ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಅಲ್ಲಿ ಕೂತವರಿಗೇ ಗೊತ್ತು.

ನನ್ನ ಜೊತೆ ಎಣ್ಣೆ ಮಿಲ್ಲಿನ ಯಜಮಾನರೊಬ್ಬರು ಕಲಿಯಲು ಬರುತ್ತಿದ್ದರು. ಅವರ ಸೈಟು ತೆರೆದ ಕೂಡಲೇ ಪರದೆಯ ತುಂಬ ಮನೆದೇವರು, ಜೊತೆಗೆ ಗಂಟೆಯ ಸದ್ದು, ಮಂಗಳಾರತಿ ಹಾಡು. ಮೇಡಂ ಕೆಳಗೆ ಹಿಂಡಿ ಕೊಳ್ಳಲು ಬಂದಿದ್ದ ಒಬ್ಬ ಹೆಂಗಸನ್ನು ಕರೆತಂದು ಅವರ ಕೈಗೆ ಫೋನು ಕೊಟ್ಟು, ‘ಅಕ್ಕ, ಇದ್ರಲ್ಲಿ ಕೊಬ್ಬರಿ ಎಣ್ಣೆ ಏನು ರೇಟೈತೆ ಅಂತ ಒಸಿ ನೋಡಿ ಹೇಳಿ’ ಎಂದರು. ಹಾಡು ಶುರುವಾಯಿತು. ಆಕೆ ತಟ್ಟನೆ ಚಪ್ಪಲಿ ಬಿಟ್ಟು, ಫೋನನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ‘ಒಳ್ಳೇದಾಗ್ಲಿ ಕಣವ್ವ’ ಎಂದು ವಾಪಸು ಕೊಟ್ಟು ಮೆಟ್ಟಿಲಿಳಿದು ಹೋದರು.

ಯಜಮಾನರಿಗೆ ತಡೆಯಲಾಗಲಿಲ್ಲ. ‘ನೋಡಿದ್ರಾ ಮೇಡಂ, ಕೈ ಮುಗುದ್ರು!’

‘ಮುಗುದ್ರು. ಎಣ್ಣೆ ತಗೊಂಡ್ರಾ?’

ಯಜಮಾನರು ಪೆಚ್ಚಾದರು. ದೇವರನ್ನು ಮೂಲೆಗೆ ಸರಿಸಬೇಕು ಎಂಬುದನ್ನೇನೋ ಒಪ್ಪಿದರು, ಆದರೆ ಅವತ್ತು ಮಂಗಳವಾರ, ದೇವರನ್ನು ಅಲುಗಾಡಿಸಕೂಡದು ಎಂದು ಸೋಮವಾರದವರೆಗೆ ಕಾಯಿಸಿದರು. ಮೇಡಂ ಕೂಡ ಕಾದರು.

ನನ್ನದೇನು ಕಡಿಮೆಯಲ್ಲ. ನಾನು ಮಾಡಿದ್ದ ಪುಟವನ್ನು ಎಣ್ಣೆ ಮಿಲ್ಲಿನ ಯಜಮಾನರು ಬೆರಳಿನಿಂದ ಮೇಲಕ್ಕೆ ತಳ್ಳುತ್ತಲೇ ಹೋದರು. ನಮ್ಮ ಮಾವ, ಅತ್ತೆ, ಭಾವ, ಓರಗಿತ್ತಿ, ನಾದಿನಿ, ನಾದಿನಿಯ ಗಂಡ, ವಯಸ್ಸಿನ ಪ್ರಕಾರ ಎಲ್ಲರ ಫೋಟೋ. ಒಬ್ಬರನ್ನು ಬಿಟ್ಟಿದ್ದರೆ ಮನೆಯಲ್ಲಿ ನಾನು ಮುಖ ತೋರಿಸುವ ಹಾಗಿರಲಿಲ್ಲ. ಮಿಠಾಯಿ ಎಲ್ಲರ ಕೆಳಗೆ ಇತ್ತು.

‘ನನ್ ಕಣ್ಣು ಮೊದ್ಲು ನಿಮ್ಮ ಮಾವನೋರ ಮೀಸೆಗೆ ಹೋಯ್ತು’ ಎಂದರು ಯಜಮಾನರು, ಎಣ್ಣೆಯ ಸೇಡು ತೀರಿಸಿಕೊಳ್ಳುವ ಉತ್ಸಾಹದಲ್ಲಿ. ‘ಲಗ್ನ ಯಾವತ್ತು ಅಂತ ಹುಡುಕ್ತಾ ಅಲ್ಲೇ ಸಿಕ್ಕಾಕೊಂತು.’

ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಮೇಡಂ ನಗಲಿಲ್ಲ. ಪುಟದ ತಳದಲ್ಲಿದ್ದ ಫೋನ್ ನಂಬರನ್ನು ನೋಡಿ, ‘ಇದಕ್ಕೆ ಮಾಡಿದ್ರೆ ಯಾರು ಎತ್ತುತಾರೆ?’ ಎಂದು ಕೇಳಿದರು.

‘ನಮ್ಮನೆಯವ್ರು ಮೇಡಂ.’

‘ಅವ್ರಿಗೆ ಪಾಕದ ಹದ ಗೊತ್ತಾ?’

‘ಇಲ್ಲ.’

‘ಮತ್ತೆ ಕೇಳ್ದೋರಿಗೆ ಏನು ಹೇಳ್ತಾರೆ?’

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಮನೆಗೆ ಹೋಗಿ ಫೋಟೋಗಳನ್ನೆಲ್ಲ ತೆಗೆದೆ, ನನ್ನ ನಂಬರು ಹಾಕಿದೆ. ‘ಹೆಣ್ಣೆಂಗ್ಸಿನ ನಂಬರು ಊರಿಗೆಲ್ಲಾ ಹಂಚ್ತಾರೇನೇ?’ ಎಂದು ಅತ್ತೆ ಜಗಳಕ್ಕೆ ನಿಂತರು. ನಮ್ಮನೆಯವರೇ, ‘ನಂಗೂ ಮಿಠಾಯಿ ಫೋನ್ ಎತ್ತಿ ಸಾಕಾಗೈತೆ ಕಣವ್ವ, ಬುಡು’ ಎಂದು ಬಾಯಿ ಮುಚ್ಚಿಸಿದರು.

ಕೆಲವು ವಾರಕ್ಕೆ, ಕಂಡು ಕೇಳರಿಯದ ಊರಿನ ಒಬ್ಬಾಕೆ ಮಿಠಾಯಿ ತರಿಸಿಕೊಂಡು, ತಿಂದು, ಫೋನ್ ಮಾಡಿದರು. ನಾನು ಕುಣಿಯುತ್ತ ಬಂದು ಮೇಡಂಗೆ ವರದಿ ಒಪ್ಪಿಸಿದೆ.

‘ಚೆನ್ನಾಗೈತೆ ಅಂದ್ರಾ?’

‘ಇಲ್ಲ ಮೇಡಂ, ಸಿಹಿ ಜಾಸ್ತಿ ಆಯ್ತು, ಏಲಕ್ಕಿ ಸಾಲದು ಅಂದ್ರು.’

‘ಹಂಗಾದ್ರೆ ನಿಜವಾಗ್ಲೂ ತಿಂದವ್ರೆ ಬುಡು’ ಎಂದರು ಮೇಡಂ. ನನ್ನನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದರು. ಆವತ್ತಿನ ಅವರ ಮುಖ ನನಗೆ ಈಗಲೂ ನೆನಪಿದೆ. ಸಂತೋಷವೇನೋ ಇತ್ತು. ಆದರೆ ಇನ್ನೊಬ್ಬರ ಮನೆಯ ಊಟದ ಸದ್ದನ್ನು ಹೊರಗೆ ನಿಂತು ಕೇಳುವವರ ಮುಖ ಅದು.

ಮಧ್ಯಾಹ್ನದ ಊಟವನ್ನು ಅವರು ಕಿಟಕಿಯ ಕಡೆ ತಿರುಗಿ ಕೂತು ಮಾಡುತ್ತಿದ್ದರು. ಅಂಗೈಯಗಲದ ಸ್ಟೀಲು ಡಬ್ಬಿ. ‘ಬನ್ನಿ ಊಟ ಮಾಡಿ’ ಎನ್ನದೆ ಊಟಕ್ಕೆ ಕೂರುವುದು ನಮ್ಮಲ್ಲಿ ಕೇಳಿಯೇ ಇಲ್ಲ. ಇವರು ಕರೆಯುತ್ತಿರಲಿಲ್ಲ. ಜಂಬ ಇರಬೇಕು ಎಂದುಕೊಂಡಿದ್ದೆ. ಆಮೇಲೆ ಡಬ್ಬಿಯೊಳಗೆ ಕಣ್ಣು ಹಾಯಿಸಿದ ಮೇಲೆ ತಿಳಿಯಿತು, ಕರೆದರೆ ಕೊಡಲು ಅದರಲ್ಲಿ ಇರುತ್ತಿರಲಿಲ್ಲ. ಒಬ್ಬರಿಗೆ ಆಗುವಷ್ಟನ್ನೇ ಅಳೆದು ಮಾಡಿದ ಅಡುಗೆ.

ಒಂದು ದಿನ ಇದ್ದಕ್ಕಿದ್ದಂತೆ ಕೇಳಿದರು. ‘ನಿಮ್ಮನೇಲಿ ಒಂದು ಕಾಯಿ ಒಡೆದ್ರೆ ಎಷ್ಟು ಹೊತ್ತಿಗೆ ಖರ್ಚಾಯ್ತದೆ?’

‘ಖರ್ಚಾಗೋದೇನು ಮೇಡಂ, ಬೆಳಗ್ಗೆ ಚಟ್ನಿಗೇ ಸಾಲಲ್ಲ.’

‘ನಂಗೆ ಒಂದು ಹೋಳು ಉಳೀತದೆ’ ಎಂದರು. ‘ಅಮ್ಮ ಹೋದಾಗಿಂದ ಉಳೀತಾನೇ ಐತೆ. ಫ್ರಿಜ್ಜಲ್ಲಿಟ್ರೆ ಲೋಳೆ ಆಯ್ತದೆ. ತಮ್ಮನ ಮಕ್ಕಳು ನನ್ನ ಪಾಲಿನ ತೋಟದ್ದು ಅಂತ ಮೂಟೆಗಟ್ಲೆ ಕಾಯಿ ತಂದು ಹಾಕ್ಬುಟ್ಟು ಹೋಯ್ತಾರೆ. ಇರೋಳು ಒಬ್ಳು, ಏನು ಮಾಡಾನ?’

ಅಟ್ಟದ ತುಂಬ ಕಾಯಿ ಇರುವ ಸೀಮೆಯಲ್ಲಿ ಉಳಿದ ಒಂದು ಹೋಳು ಯಾರಿಗಾದರೂ ತಾಪತ್ರಯವಾದೀತು ಎಂದು ನಾನು ಯೋಚಿಸಿಯೇ ಇರಲಿಲ್ಲ. ಅವರು ಯೋಚಿಸಿದ್ದರು. ಯೋಚಿಸಿ, ಅದರ ಮೇಲೊಂದು ವೆಬ್‌ಸೈಟನ್ನೇ ಮಾಡಿದ್ದರು.

ಅದನ್ನು ಅವರು ನನಗೆ ತೋರಿಸಿದ್ದು ತರಗತಿ ಮುಗಿದು ಮಿಲ್ಲಿನ ಯಜಮಾನರು ಹೊರಟ ಮೇಲೆ, ಒಂದು ಇಳಿಹೊತ್ತಿನಲ್ಲಿ. ‘ನಾನು ಕಲಿಯೋವಾಗ ಮಾಡಿದ್ದು. ಯಾರಿಗೂ ತೋರ್ಸಿಲ್ಲ. ನೀನು ನೋಡು. ನಿಂಗೆ ಈಗ ನೋಡಕ್ಕೆ ಬತ್ತದೆ’ ಎಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ತಾವು ಹೋಗಿ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತರು.

ಮೇಲೆ ‘ಒಬ್ಬರ ಅಡುಗೆ’ ಎಂದಿತ್ತು. ಒಬ್ಬರೇ ಇರುವವರು ಮಾಡಿಕೊಳ್ಳುವ ಅಡುಗೆಗಳು. ಒಂದೇ ಮುದ್ದೆಯನ್ನು ಗಂಟಿಲ್ಲದಂತೆ ತೊಳಸುವುದು ಹೇಗೆ. ಇದು ಸುಲಭವಲ್ಲ, ಹಿಟ್ಟು ಕಡಿಮೆಯಾದಷ್ಟೂ ಗಂಟು ಹೆಚ್ಚು. ಅರ್ಧ ಹಿಡಿ ಬೇಳೆಗೆ ಎಷ್ಟು ಹುಣಸೆಹಣ್ಣು. ಒಂದು ಲೋಟ ಹಾಲಿಗೆ ಎಷ್ಟು ಹೆಪ್ಪು. ಉಳಿದ ಹೋಳಿಗೇ ಒಂದು ಪುಟ: ಮೊದಲ ದಿನ ಚಟ್ನಿ, ಮಾರನೆಯ ದಿನ ಹುರಿದು ಪುಡಿ, ಮೂರನೆಯ ದಿನಕ್ಕೆ ಬರುವಷ್ಟು ಗೊಜ್ಜು. ಎಲ್ಲ ಫೋಟೋದಲ್ಲೂ ಅದೇ ತಟ್ಟೆ. ಚೆನ್ನಾಗೈತೆ ಎಂದುಬಿಡೋಣ ಎಂದು ನಾಲಗೆಯ ತುದಿಗೆ ಬಂದಿತ್ತು.

ಹೇಳಲಿಲ್ಲ. ‘ಕಣ್ಣು ಮೊದ್ಲು ತಟ್ಟೆಗೆ ಹೋಯ್ತು ಮೇಡಂ’ ಎಂದೆ. ‘ಅಕ್ಷರ ಸಣ್ಣದು. ಬೂದಿ ಬಣ್ಣ ಹಾಕಿದ್ದೀರ, ತಿಥಿ ಕಾರ್ಡಿನಂಗೆ ಕಾಣ್ತದೆ.’

ಅವರು ತಿರುಗಲಿಲ್ಲ. ತಲೆ ಮಾತ್ರ ಆಡಿಸಿದರು.

‘ಇನ್ನೊಂದು. ಓದಿದೋರು ಏನಾದ್ರೂ ಬರೀಬೇಕು ಅಂದ್ರೆ ಜಾಗನೇ ಇಲ್ಲ. ನಮಗೆಲ್ಲಾ ಕಡ್ಡಾಯ ಇಡಿ ಅಂತ ಹೇಳ್ಕೊಟ್ರಿ.’

ಕೆಳಗೆ ಯಾರೋ ಮೂಟೆ ಇಳಿಸುತ್ತಿದ್ದರು. ಆಮೇಲೆ ಮೇಡಂ, ಮಾಡಿದವರು ಬಾಯಿ ಬಿಡಬಾರದು ಎಂದು ನಮಗೆಲ್ಲ ಹೇಳಿದವರು, ಬಾಯಿ ಬಿಟ್ಟರು. ‘ಜಾಗ ಇಟ್ಟು, ಯಾರೂ ಬರೀದೆ ಹೋದ್ರೆ?’

‘ಈಗ ಇದ್ದಂಗೇ ಇರ್ತದೆ ಅಷ್ಟೆ. ಕಳ್ಕೊಳ್ಳೋದು ಏನೈತೆ ಮೇಡಂ?’

‘ಐತೆ ಕಣಮ್ಮ. ಈಗ ಜಾಗ ಇಲ್ಲ, ಅದಕ್ಕೇ ಬರೀತಿಲ್ಲ ಅಂದ್ಕೋತೀನಿ. ಜಾಗ ಕೊಟ್ಟ ಮೇಲೂ ಒಬ್ರೂ ಬರೀದಿದ್ರೆ ಏನಂದ್ಕೊಳ್ಳಾನ?’

ಮನೆಗೆ ಬಂದು, ಗದ್ದಲದ ನಡುವೆ ತಟ್ಟೆ ಹಾಕುವಾಗ, ಆ ಒಂದು ತಟ್ಟೆ ಕಣ್ಣೆದುರಿಗೇ ಇತ್ತು. ಅಳು ಬಂತು. ಅತ್ತೆ, ‘ಈರುಳ್ಳಿ ಹೆಚ್ಚಿದ್ಯೇನೇ?’ ಎಂದರು.

ಕೆಲವು ದಿನ ಬಿಟ್ಟು ಮೇಡಂ ಜಾಗ ಇಟ್ಟರು. ಪ್ರತಿ ಅಡುಗೆಯ ಕೆಳಗೂ ಒಂದು ಚೌಕ, ಅದರ ಮೇಲೆ ‘ಮಾಡಿ ನೋಡಿದಿರಾ? ಏನಾಯಿತು ಬರೆಯಿರಿ’ ಎಂಬ ಸಾಲು. ಹೇಗಿದೆ ಎಂದು ಕೇಳಿರಲಿಲ್ಲ, ಏನಾಯಿತು ಎಂದು ಕೇಳಿದ್ದರು. ಅಕ್ಷರ ಹಾಗೇ ಸಣ್ಣದಾಗಿತ್ತು, ಬಣ್ಣವೂ ಹಾಗೇ ಇತ್ತು. ನನಗೆ ತಾಕೀತು ಮಾಡಿದರು: ‘ನೀನು ಬರೀಕೂಡದು. ನಿಮ್ಮನೆಯವರ ಕೈಲಿ ಬರೆಸೋದೂ ಕೂಡದು. ಗೊತ್ತಿರೋರು ಬರೆದ್ರೆ ಅದು ದಾಕ್ಷಿಣ್ಯ.’ ನಾನು ಆಗಲಿ ಎಂದೆ, ಮಾತಿಗೆ ತಪ್ಪಲಿಲ್ಲ. ಎಣ್ಣೆಯ ಯಜಮಾನರಿಗಂತೂ ಸೈಟಿನ ಸುಳಿವೂ ಕೊಡಲಿಲ್ಲ. ಕೊಟ್ಟಿದ್ದರೆ ಅವರು ಮೊದಲ ದಿನವೇ ಹೊಗಳಿ ಹಾಳು ಮಾಡಿಬಿಡುತ್ತಿದ್ದರು.

ಆಮೇಲೆ ತರಗತಿ ಮುಚ್ಚಿತು. ಎಲ್ಲರೂ ಫೋನಿನಲ್ಲೇ ನೋಡಿ ಕಲಿಯುತ್ತಾರೆ, ಮಹಡಿ ಹತ್ತುವವರು ಯಾರು? ಗೊಬ್ಬರದಂಗಡಿಯವರು ಆ ಕೋಣೆಯಲ್ಲಿ ಹಿಂಡಿ ಮೂಟೆ ಪೇರಿಸಿದರು. ಮೇಡಂ ಊರು ಬಿಡಲಿಲ್ಲ. ಬಾಡಿಗೆ ಮನೆಯಲ್ಲೇ ಇದ್ದುಕೊಂಡು ಮದುವೆ ಕಾರ್ಡು, ಕರಪತ್ರದ ಅಕ್ಷರ ಜೋಡಿಸಿಕೊಡುತ್ತಿದ್ದರಂತೆ.

ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನು ನೊಣವಿನಕೆರೆಯ ನೆಂಟರ ಮನೆಗೆ ಹೊರಟಿದ್ದೆ, ಅವರು ಹಂದನಕೆರೆಯಿಂದ ಬಂದು ಇಳಿದಿದ್ದರು. ಕಾಲ ಬಳಿ ಕಾಯಿಯ ಚೀಲ. ಆರೋಗ್ಯವಾ ಮೇಡಂ ಎಂದು ನಾನು ಕೇಳಿ ಮುಗಿಸುವ ಮೊದಲೇ, ‘ಇನ್ನೂ ಯಾರೂ ಬರ್ದಿಲ್ಲ ಕಣಮ್ಮ’ ಎಂದರು. ನಗುತ್ತಲೇ ಹೇಳಿದರು. ನನ್ನ ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ನೋಡಿದರೆ, ಚೀಲ ಎತ್ತಿಕೊಡಲು ಯಾರಾದರೂ ಸಿಗುತ್ತಾರೇನೋ ಎಂದು ಆಚೀಚೆ ನೋಡುತ್ತಿದ್ದರು. ಸಿಗದೆ ತಾವೇ ಎತ್ತಿಕೊಂಡು ನಡೆದರು. ಅವತ್ತಿನಿಂದ ನಾನು ಆ ಸೈಟನ್ನು ತೆರೆಯಲಿಲ್ಲ. ಖಾಲಿ ಚೌಕ ನೋಡಲು ನನ್ನಿಂದಾಗುತ್ತಿರಲಿಲ್ಲ.

ಅವರು ಸತ್ತ ಸುದ್ದಿ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಎದೆನೋವಂತೆ. ಹಾಲಿನವನು ಬಾಗಿಲು ಬಡಿದು ಬಡಿದು ಪಕ್ಕದ ಮನೆಯವರನ್ನು ಕರೆದನಂತೆ. ತಮ್ಮನ ಮಕ್ಕಳು ಬಂದು ಊರಿಗೆ ಒಯ್ದು ತೋಟದಲ್ಲಿ ಮಣ್ಣು ಮಾಡಿದರಂತೆ. ಗೊಬ್ಬರದಂಗಡಿಯವರು ಇಷ್ಟನ್ನು ಹೇಳಿ, ‘ಯಾರ್‍ಗೆ ತಿಳಿಸ್ಬೇಕು ಅಂತ ಅವ್ರಿಗೂ ಗೊತ್ತಾಗ್ಲಿಲ್ವಂತೆ ಕಣಕ್ಕ, ಮೇಡಂಗೆ ಯಾರಿದ್ರು?’ ಎಂದರು. ನಾನಿದ್ದೆ ಎನ್ನಬೇಕೆನಿಸಿತು. ಆದರೆ ನಾನು ಅವರ ಮನೆಯ ಬಾಗಿಲನ್ನು ಸಹ ನೋಡಿದವಳಲ್ಲ.

ಮನೆಗೆ ಬಂದವಳೇ ಫೋನಿನಲ್ಲಿ ಸೈಟು ತೆಗೆದೆ. ಅದನ್ನೂ ಅಳಿಸಿಬಿಟ್ಟಿರುತ್ತಾರೇನೋ ಎಂಬ ಹೆದರಿಕೆ. ಇತ್ತು. ಬೂದಿ ಬಣ್ಣ ಹೋಗಿ ತೆಂಗಿನ ಎಳೆಯ ಸುಳಿಯ ಹಸಿರು ಬಂದಿತ್ತು. ಅಕ್ಷರ ದಪ್ಪಗಾಗಿತ್ತು. ಉಳಿದ ಹೋಳಿನ ಪುಟದ ಕೆಳಗೆ ಯಾರೋ ಬರೆದಿದ್ದರು.

‘ಮಾಡಿ ನೋಡಿದೆ. ನೀವು ಹೇಳಿದಷ್ಟು ನೀರು ಹಾಕಿದರೆ ಗೊಜ್ಜು ನೀರಾಗುತ್ತದೆ. ಅಕ್ಷರ ಬಹಳ ಸಣ್ಣದು, ಕನ್ನಡಕಕ್ಕೂ ಎಟುಕುವುದಿಲ್ಲ.’ ಹೆಸರಿಲ್ಲ, ಹಾಸನದಿಂದ ಎಂದಷ್ಟೇ ಇತ್ತು. ಅದರ ಕೆಳಗೆ ಮೇಡಂ ಉತ್ತರ: ‘ನಿಮ್ಮ ಪಾತ್ರೆ ಎಷ್ಟು ಅಗಲ?’ ಅವರು: ‘ಅಗಲವೇ. ನಾಲ್ಕು ಜನಕ್ಕೆ ಮಾಡುತ್ತಿದ್ದ ಪಾತ್ರೆ. ನನ್ನ ಹೆಂಡತಿ ಹೋದ ಮೇಲೆ ಹೊಸದು ತಂದಿಲ್ಲ.’ ಮೇಡಂ: ‘ಸಣ್ಣ ಪಾತ್ರೆ ತನ್ನಿ. ಅಕ್ಷರ ದೊಡ್ಡದು ಮಾಡಿದ್ದೇನೆ.’ ನಾನು ಹೇಳಿದಾಗ ಮಾಡಿರಲಿಲ್ಲ! ಆ ದುಃಖದಲ್ಲೂ ನನಗೆ ಒಂದು ಚಣ ಹೊಟ್ಟೆಕಿಚ್ಚಾಯಿತು.

ಒಂದು ಪುಟದಿಂದ ಇನ್ನೊಂದಕ್ಕೆ ಹೋದೆ. ಎಲ್ಲ ಪುಟದಲ್ಲೂ ಹಾಸನದ ಅವರೊಬ್ಬರೇ, ಬೇರೆ ಯಾರೂ ಇಲ್ಲ. ಎಲ್ಲೂ ಒಂದು ಹೊಗಳಿಕೆಯಿಲ್ಲ. ಅವರು: ಮುದ್ದೆ ಗಂಟಾಯಿತು. ಮೇಡಂ: ಕೋಲು ಬೇಡ, ಸಟ್ಟುಗದ ಹಿಡಿಯಲ್ಲಿ ತೊಳಸಿ. ಈ ಸಲ ಗಂಟಿಲ್ಲ, ಆದರೆ ಹಸಿ ವಾಸನೆ. ಇನ್ನೆರಡು ನಿಮಿಷ ಬೇಯಿಸಿ. ಹೀಗೆ ತಿಂಗಳುಗಟ್ಟಲೆ ಇಬ್ಬರೂ ಜಗಳವಾಡಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಸಿಕ್ಕಿದ ಮೇಲೆ ಶುರುವಾದದ್ದು ಇದೆಲ್ಲ. ನನಗೆ ಹೇಳಿಯೇ ಇರಲಿಲ್ಲ. ಹೇಳಿಕೊಳ್ಳುವ ಅಗತ್ಯ ಬಿದ್ದಿರಲಿಲ್ಲವೇನೋ ಎಂದುಕೊಂಡೆ, ಹಾಗೆ ಅಂದುಕೊಳ್ಳಲು ನನಗೆ ಬಹಳ ಸಮಾಧಾನವಾಯಿತು.

ಕೊನೆಯ ಪುಟದಲ್ಲಿ ಹಾಸನದವರು ಬರೆದದ್ದಕ್ಕೆ ಉತ್ತರವಿರಲಿಲ್ಲ. ‘ಹುರುಳಿಕಾಳು ಬಸ್ಸಾರು ಹಾಕುತ್ತೇನೆ ಎಂದಿದ್ದಿರಿ. ಸುಮಾರು ದಿನವಾಯಿತು. ಕಾಳು ತಂದಿಟ್ಟುಕೊಂಡಿದ್ದೇನೆ.’

ಗೊತ್ತಿರುವವರು ಅಲ್ಲಿ ಬರೆಯಬಾರದು ಎಂದು ಮೇಡಂ ಹೇಳಿದ್ದರು. ನಾನು ಬರೆದೆ. ‘ಇದನ್ನು ಬರೆಯುತ್ತಿದ್ದವರು ಹೋದ ವಾರ ತೀರಿಕೊಂಡರು. ಅವರು ನನಗೆ ಪಾಠ ಹೇಳಿದವರು. ತಿಳಿಸಬೇಕಾದವರು ನನಗೆ ಗೊತ್ತಿರುವ ಹಾಗೆ ನೀವೊಬ್ಬರೇ.’

ಆ ದಿನ ಉತ್ತರ ಬರಲಿಲ್ಲ. ಮಾರನೆಯ ದಿನ ಮಿಠಾಯಿಯ ಪಾಕಕ್ಕೆ ಇಡುವ ಮೊದಲು ತೆಗೆದು ನೋಡಿದೆ. ಬೆಳಗಿನಲ್ಲೇ ಬರೆದಿದ್ದರು.

‘ತಿಳಿಸಿದಿರಿ, ಒಳ್ಳೆಯದಾಯಿತು. ನಮ್ಮ ಮನೆಯಲ್ಲಿ ನಿನ್ನೆ ಒಲೆ ಹಚ್ಚಲಿಲ್ಲ.’